ಸೇಠನ ಮುಂದ ಓದಿದ ಪತ್ರ

ಇಂದಾಪುರ
3 ನವೆಂಬರ್ 2024

ಅಕ್ಕಾ,

ನಿನ್ನ ಫೋನ್ ಎಲ್ಲಿ ಹೋಗಿ ಸತ್ತದ? ದೀಪಾವಳಿ ದಿನಾ ಮುಂಜಾನಿಂದ ಹಚ್ಚೀನಿ, ಬಂದ್ ಅಂದ್ರ ಬಂದ್. ಅವ್ವ ಎಣ್ಣಿ ಕಾಸಿ ಇಟ್ಕೊಂಡು ಕುಂತಿದ್ಳು, "ಭುವಿ ಬರ್ಲಿ, ಆಕಿ ತಲಿಗೆ ಹಚ್ಚಿ ಆಮ್ಯಾಲ ನಾ ಎರಕೋತೀನಿ" ಅಂತ. ಮಧ್ಯಾಹ್ನ ಆದಮ್ಯಾಲ ಆ ಎಣ್ಣಿ ತಾನೇ ಹಚ್ಕೊಂಡ್ಳು.

ನಾ ಸುಮ್ಮ ಕುಂದ್ರೋನಲ್ಲ. ಮರುದಿನ ಪುಣೆಗೆ ಬಂದಿದ್ದೆ. ನೀ ಅವ್ವಗ ಹೇಳಿದ್ದಿ, ಹೋಟೆಲ್‌ದಾಗ ಬಿಲ್ ಬರಿಯೋ ಕೆಲಸ ಅಂತ. ನೋಡಿದೆ ನಿನ್ನ ಹೋಟೆಲ್. ಬಾಗಿಲ ಮುಂದ ಆನಿಯಷ್ಟು ಬೋರ್ಡು, ಅದ್ರಾಗ ನೀ, ಮೈಕ್ ಹಿಡಕೊಂಡು, ತುಟಿಗೆ ಕೆಂಪು ಬಡಕೊಂಡು. ಹೆಸ್ರು 'ರೇಶ್ಮಾ'. ಅಪ್ಪ ಇಟ್ಟ ಹೆಸ್ರಿಗೆ ಏನ್ ಹುಳಾ ಬಿದ್ದಿತ್ತು?

ಒಳಗ ಹೋದ್ರ ಕೌಂಟರಿನ್ಯಾಗ ಒಬ್ಬ ಕುಂತಿದ್ದ. ಕನ್ನಡಕ, ಹಣಿಮ್ಯಾಲ ಗಂಧ. ಸದಾನಂದ ಅಂತ, ಕಾರ್ಕಳದ ಕಡಿಯವ. ನಾ ಮರಾಠಿದಾಗ ಕೇಳಿದ್ರ ಅವ ಕನ್ನಡದಾಗ ಅಂತಾನ, "ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಮಾರಾಯ. ನೀನು ಮೊದಲು ಇಲ್ಲಿಂದ ಹೋಗು." ಬೋರ್ಡ್ ತೋರ್ಸಿದೆ. "ಅವಳು ಬಾಂಬೆಯವಳು" ಅಂದ. ಮಾರಿ ನೋಡಿದ್ರ ಗುಡಿ ಪೂಜಾರಿದು, ಕೆಲಸ ಇಂಥಾದು. ಅವನ ಹಲ್ಲು ಅಲ್ಲೇ ಉದುರಿಸ್ತಿದ್ದೆ, ಬಾಗಿಲ ಕಾಯೋರು ಇಬ್ರು ಬಂದು ಕಾಲರ್ ಹಿಡದು ರೋಡಿಗೆ ಒಗದ್ರು.

ಅದಕ್ಕ ಈ ದಾರಿ. ಅವ್ವ ಬಡದ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿ ಮಲಕಪ್ಪ ಕಾಕಾನ ಕೈಯಾಗ ಕೊಡ್ತೀನಿ. ಪುಣೆ ಬಸ್ಸಿನ ಕಂಡಕ್ಟರ್ ಅವ, ನಮ್ಮ ಪಂಚರ್ ಅಂಗಡಿ ಮುಂದ ಚಾ ಕುಡಿಯಾಕ ನಿಂದ್ರತಾನ. ರೊಟ್ಟಿ ನಡುವ ಈ ಹಾಳಿ ಇಟ್ಟೀನಿ. ನೀ ಖಾಲಿ ಅರಿಬಿ ತಿರುಗಿ ಕಳಸುವಾಗ ಅದ್ರ ಮಡಿಕ್ಯಾಗ ಬರದು ಇಡು. ಅಲ್ಲಿ ಯಾವನಿಗೂ ಕನ್ನಡ ಓದಾಕ ಬರಂಗಿಲ್ಲ. ಆ ಗಂಧದವನಿಗೆ ಬರ್ತದ, ಆದ್ರ ಅವ ಕುಚ್ಚಲಕ್ಕಿ ಮನುಷ್ಯಾ, ನಮ್ಮ ರೊಟ್ಟಿಗೆ ಕೈ ಹಚ್ಚಂಗಿಲ್ಲ.

ಬಂದ್ಬಿಡು.

ಮಾಂತು

*

ಪುಣೆ
8 ನವೆಂಬರ್ 2024

ಮಾಂತ್ಯಾ,

ರೊಟ್ಟಿ ಮುಟ್ಟಿದ್ವು. ಹಿಂಡಿಗೆ ಉಪ್ಪು ಕಮ್ಮಿ ಆಗ್ಯಾದ. ಅವ್ವ ಗುಳಿಗಿ ತಗೋತಾಳೋ ಇಲ್ಲೋ?

ನಾ ಆರಾಮ ಅದೀನಿ. ಫೋನ್ ನೀರಾಗ ಬಿತ್ತು. ನಮ್ಮ ಹೋಟೆಲ್ ಮಾಲಕ ದತ್ತು ಸೇಠ್ ಹೊಸಾದು ಕೊಡ್ಸ್ಯಾರ. ಅದರ ನಂಬರ್ ನಿನಗ ಕೊಡಂಗಿಲ್ಲ, ಯಾಕಂತ ಕೇಳಬ್ಯಾಡ.

ಕೆಲಸ ನೀ ತಿಳಕೊಂಡಂಗ ಇಲ್ಲ. ಹಾಡೋದು, ಅಷ್ಟ. ಹಿಂದ ಕೀಬೋರ್ಡಿನವ, ಢೋಲಕದವ ಕುಂದರ್ತಾರ. ಸುತ್ತ ಒಂದು ಕಟಾಂಜನ ಅದ. ನಾವು ಅದನ್ನ ದಾಟಂಗಿಲ್ಲ, ಗಿರಾಕಿ ಒಳಗ ಬರಂಗಿಲ್ಲ. ಚೀಟಿಮ್ಯಾಲ ಹಾಡಿನ ಹೆಸ್ರು ಬರದು ಕಳಸ್ತಾರ, ಹಾಡ್ತೀನಿ. ಬಿಲ್ಡಿಂಗ್ ಕೆಲಸದಾಗ ಸಿಮೆಂಟ್ ಬುಟ್ಟಿ ದಾಟಿಸ್ಕೋತ ಹಾಡ್ತಿದ್ದಿಲ್ಲೇನು, ಮೇಸ್ತ್ರಿ ಬೈದ್ರೂ? ಹಂಗ. ಎಲ್ಲಾರೂ ಗ್ಲಾಸ್ ಕೆಳಗಿಟ್ಟು ಕೇಳೋ ಒಂದ್ ಘಳಿಗಿ ಬರ್ತದ ಮಾಂತ್ಯಾ. ಆವಾಗ ನಾ ಯಾರ ಮಗಳೂ ಅಲ್ಲ, ಯಾರ ಅಕ್ಕನೂ ಅಲ್ಲ. ಅದು ನನಗ ಬೇಕು. ಸಿಟ್ಟು ಬಂದ್ರ ಮಾಡ್ಕೋ.

ಮ್ಯಾಲಿನ ಖೋಲಿ ಕೊಟ್ಟಾರ. ಮೊದ್ಲ ಅಲ್ಲಿ ಸ್ನೇಹಲ್ ಇದ್ಳು, ನನಗ ಮೈಕ್ ಹಿಡಿಯೋದು ಕಲಿಸಿದಾಕಿ, ಶಿರೂರಿನ ಮರಾಠಿ ಹುಡುಗಿ. ಊರಿಗೆ ಹೋದ್ಳಂತ. ಆಕಿ ಚಪ್ಪಲಿ ಇನ್ನೂ ಬಾಗಿಲದಾಗ ಅದಾವ.

ನೀ ಇಲ್ಲಿ ಬರಬ್ಯಾಡ. ನನ್ನ ಆಣಿ.

ಭುವಿ

*

ಇಂದಾಪುರ
12 ನವೆಂಬರ್ 2024

ಅಕ್ಕಾ,

ಸೇಠ್ ಕೊಡ್ಸ್ಯಾರ. ಸೇಠ್ ಕೊಟ್ಟಾರ. ಅಪ್ಪಗ ಸುದ್ದಾ ಇಷ್ಟು ಮರ್ಯಾದಿ ಕೊಟ್ಟಿದ್ದಿಲ್ಲ ನೀ.

ಎಂಟನೇತ್ತಾಗ ಸಾಲಿ ಬಿಟ್ಟವ, ಇವನಿಗೇನ್ ತಿಳೀತದ ಅಂತ ಮಾಡೀಯೇನು? ಫೋನ್ ಕೊಡಿಸೋ ಗಂಡಸು ಬರೇ ಫೋನ್ ಕೊಡಿಸಿ ಬಿಡಂಗಿಲ್ಲ. ನೀ ಅವನ್ನ ಮಾಡ್ಕೊಂಡಿ. ಹೌದಂತ ಬರದ್ಬಿಡು. ಅವ್ವಗ ನಾನ ಹೇಳ್ತೀನಿ, ನಿನ್ನ ಮಗಳು ಸತ್ಳು, ಇನ್ನ ಎಣ್ಣಿ ಕಾಸಬ್ಯಾಡ ಅಂತ.

ಅಂಗಡಿಗೆ ಬರೋ ಹುಡುಗ್ರು ಮೊಬೈಲ್‌ದಾಗ ನಿನ್ನ ಹಾಡು ಹಚ್ಚತಾರ. ಮೊನ್ನಿ ಒಬ್ಬ "ಕಾಯ್ ಮಾಲ್ ಆಹೇ" ಅಂದ. ನಟ್ ಬಿಚ್ಚೋ ಪಾನಾ ತಗೊಂಡು ಅವನ ಗಾಡಿ ಗಾಜು ಒಡದೆ. ಮಾಲಕ ನನ್ನ ಬಡದ. ಬಡೀಲಿ. ಏನಂತ ಹೇಳ್ಲಿ ಅವನಿಗೆ, ಆಕಿ ನಮ್ಮಕ್ಕ ಅಂತ ಹೇಳ್ಲೇನು?

ಮತ್ತ ಯಾವಾಕಿನೋ ಚಪ್ಪಲಿ ಸುದ್ದಿ ನನಗ್ಯಾಕ ಬರದಿ? ಊರಿಗೆ ಹೋದಾಕಿ ಬಿಟ್ಟು ಹೋಗ್ಯಾಳ. ಅಳತಿ ಕೂಡಿದ್ರ ನೀ ಹಾಕ್ಕೋ.

ಆ ಕೌಂಟರಿನ ಸದಾನಂದಗ ಹೇಳು, ನಾ ಒಂದಿಲ್ಲಾ ಒಂದಿನ ಅವನ ಗಂಧ ಅವನ ರಕ್ತದಾಗ ತೇಯ್ತೀನಿ ಅಂತ.

ಮಾಂತು

*

ಪುಣೆ
20 ನವೆಂಬರ್ 2024

ಮಾಂತ್ಯಾ,

ನೀ 'ಸತ್ಳು' ಅಂತ ಬರದಿದ್ದು ಓದಿ ನಗು ಬಂತು. ಸಾಯೋ ಹೆದರಿಕಿ ಬಗಲಾಗ ಇಟ್ಕೊಂಡು ಮಲಗೋ ನನಗ ನೀ ಏನ್ ಹೆದರಿಸ್ತಿ? ಈಗ ಖರೇ ಬರೀತೀನಿ. ಅವ್ವಗ ಓದಿ ಹೇಳಬ್ಯಾಡ.

ದಸರಾ ಆದಮ್ಯಾಲ ದತ್ತು ಸೇಠನ ಹುಟ್ಟಹಬ್ಬ ಇತ್ತು. ದೊಡ್ಡ ದೊಡ್ಡ ಮಂದಿ ಮುಂದಿನ ಕುರ್ಚ್ಯಾಗ ಕುಂತಿದ್ರು. ಹಾಡು ನಡಕ ನಿಂದ್ರಿಸಿ ಸೇಠ್ ಅಂದ, "ನಾಂವ್ ಘೇ ಕೀ, ರೇಶ್ಮಾ." ನಮ್ಮಾಗ ಹೊಸಾ ಸೊಸಿನ್ನ ಹೊಸ್ತಿಲದಾಗ ತಡದು ಗಂಡನ ಹೆಸ್ರು ಹೇಳು, ಒಡಪ ಹಾಕು ಅಂತ ಕಾಡ್ತಾರಲ್ಲ, ಹಂಗ. ಎಲ್ಲಾರೂ ಚಪ್ಪಾಳಿ ಹೊಡದ್ರು. ನಾ ಮಷ್ಕಿರಿ ಅಂತ ತಿಳದೆ. ಬಾಯಿ ಮುಚ್ಚಿ ನಿಂತ್ರ ಸೇಠ್ ಸಿಟ್ಟಾಗ್ತಾನ, ಕನ್ನಡದಾಗ ಅಂದ್ರ ಯಾರಿಗೆ ತಿಳೀತದ ಅಂತ ನಕ್ಕೋತ ಅಂದ್ಬಿಟ್ಟೆ: "ಹೊಸಾ ಗಡಿಗ್ಯಾಗ ಹಾಲ ಕಾಸೇನಿ, ದತ್ತು ಸೇಠರ ಹೆಸರ ಹೇಳಿ ದೀಪ ಹಚ್ಚೇನಿ." ಒಡಪ ತಿಳೀದಿದ್ರ ಏನಾತು, ಹೆಸ್ರು ಎಲ್ಲಾರಿಗೂ ತಿಳೀತು. ಮೈಕಿನ್ಯಾಗ. ಸದಾನಂದ ಒಬ್ರೇ ನಗಲಿಲ್ಲ. ತಲಿ ಕೆಳಗ ಹಾಕಿದ್ರು.

ಮರುದಿನದಿಂದ ನಾ ವಹಿನಿ, ಅಂದ್ರ ಅತ್ತಿಗಿ, ಸೇಠನ ಹೆಂಡ್ತಿ ಇದ್ದಂಗ. ಬಾಗಿಲ ಕಾಯೋರು ವಹಿನಿ ಅಂತಾರ, ವೇಟರ್ ವಹಿನಿ ಅಂತಾನ, ಹೊರಗಿನ ರಿಕ್ಷಾದವರೂ ಹಂಗ. "ಸೇಠನ್ನ ಕೇಳದ ಹ್ಯಾಂಗ ಕರ್ಕೊಂಡು ಹೋಗೋದು ವಹಿನಿ" ಅಂತ ಕೈ ಮುಗೀತಾರ. ಕೈ ಮುಗದು ಕೂಡಿ ಹಾಕೋದನ್ನ ನಾ ಇಲ್ಲೇ ನೋಡಿದ್ದು. ನನ್ನ ಫೋನ್ ನೀರಾಗ ಬಿದ್ದಿಲ್ಲ, ಅವನ ಕಿಸೆದಾಗ ಅದ. ಅವ ಕೊಟ್ಟಿದ್ರಾಗ ನಾ ಆಡಿದ್ದೆಲ್ಲಾ ಅವನಿಗೆ ಮುಟ್ಟತದ.

ಸ್ನೇಹಲೂ ಮೊದ್ಲ ವಹಿನಿ ಇದ್ಳಂತ. ಬಿಟ್ಟು ಬರ್ತೀನಿ ಅಂತ ಮನಿಗೆ ಕಾಗದ ಬರದು ಇಟ್ಟಿದ್ಳಂತ. ಅದು ಸೇಠಗ ಸಿಕ್ತಂತ. ಮುಂದಿಂದು ಯಾರೂ ಹೇಳಂಗಿಲ್ಲ. ಆಕಿ ಅಪ್ಪ ಶಿರೂರಿಂದ ಹುಡುಕೊಂಡು ಬಂದ್ರ, "ಊರಿಗೆ ಮುಟ್ಟಿಲ್ಲೇನು?" ಅಂತ ಇವರ ತಿರುಗಿ ಕೇಳಿದ್ರಂತ.

ದತ್ತ ಜಯಂತಿಗೆ ಸೇಠ್ ಗಾಣಗಾಪುರಕ್ಕ ಹೋಗ್ತಾನ. ಆವಾಗ ಏನಾರ ಮಾಡು. ಪೊಲೀಸ್ ಬ್ಯಾಡ. ಮುಂದಿನ ಕುರ್ಚ್ಯಾಗ ಯಾರ್ಯಾರು ಕುಂತಿದ್ರು, ನಾ ನೋಡೀನಿ.

ಅಂಜಿಕಿ ಆಗ್ತದ ತಮ್ಮಾ.

ಭುವಿ

*

ಇಂದಾಪುರ
24 ನವೆಂಬರ್ 2024

ಅಕ್ಕಾ,

ಮೊದ್ಲ ಬರದಿದ್ದು ಹರದು ಒಗಿ. ನನ್ನ ಬಾಯಾಗ ಮಣ್ಣ ಬೀಳ್ಲಿ. ಆ ಚಪ್ಪಲಿ ಮುಟ್ಟಬ್ಯಾಡ.

ನಾ ಅಂಜಾವಲ್ಲ, ನಿನಗ ಗೊತ್ತು. ಈಗ ಅಂಜೀನಿ. ಟಾಯರ್ ಬಿಚ್ಚುವಾಗ ಹಿಂದ ಯಾರರ ನಿಂತ್ರ ಹೌಹಾರಿ ತಿರುಗ್ತೀನಿ. ಅವ್ವ "ಯಾಕೋ, ಯಾರನ್ನರ ಬಡದು ಬಂದೀಯೇನು?" ಅಂತಾಳ. ಹೌದವ್ವ ಅಂದೆ. ನಂಬಿದ್ಳು.

ಕೇಳು. ದತ್ತ ಜಯಂತಿ ಮಧ್ಯಾಹ್ನ ಅಡಿಗಿಮನಿ ಬಾಗಿಲಿಂದ ಹೊರಗ ಬಾ. ಹಡಪಸರ ಸ್ಟಾಪ್ ದಾಟಿದ್ರ ಕಬ್ಬಿನ ಹಾಲಿನ ಅಂಗಡಿ ಅದಾವಲ್ಲ, ಅಲ್ಲಿ ಮಾಲಕನ ಹಳದಿ ಟೆಂಪೋ ತಂದು ನಿಂದ್ರಸ್ತೀನಿ. ಹಿಂದ ಹಳೀ ಟಾಯರ್ ತುಂಬಿರ್ತಾವ, ಅವುಗಳ ನಡುವ ಕುಂದ್ರು. ಇಂದಾಪುರದಾಗ ಅವ್ವನ್ನ ಹತ್ತಿಸಿಕೊಂಡು ಸೀದಾ ನಮ್ಮೂರು ಶಹಾಪುರ.

ಸದಾನಂದನ ಕಣ್ಣಿಗೆ ಬೀಳಬ್ಯಾಡ. ತಲಿ ಕೆಳಗ ಹಾಕಿದನಂತ, ದೊಡ್ಡ ಸಂತ! ಕದ್ದವನೂ ತಲಿ ಕೆಳಗ ಹಾಕ್ತಾನ. ಅವ ಸೇಠನ ನಾಯಿ.

ಅವ್ವ ಈ ಸಲ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡ್ಯಾಳ. ನಿನಗ ಸೇರ್ತಾವಂತ.

ಮಾಂತು

*

ಪುಣೆ
29 ನವೆಂಬರ್ 2024

ಮಾಂತು,

ನಿನ್ನ ಕಾಗದ ನನ್ನ ಕೈಗೆ ಬರಲಿಲ್ಲ. ಕಿವಿಗೆ ಬಂತು.

ಬಂದ ರೊಟ್ಟಿ ನಾ ಒಬ್ಬಾಕೀನ ಹ್ಯಾಂಗ ತಿನ್ನಲಿ? ಹಿಂದಿನ ಸಲ ಅಡಿಗಿಮನ್ಯಾಗ ಎಲ್ಲಾರಿಗೂ ಹಂಚಿದ್ದೆ. ಅದರ ರುಚಿ ಸೇಠನ ತನಕ ಮುಟ್ಟೇದ. ಈ ಸಲ ಮಲಕಪ್ಪ ಕಾಕಾ ಗಂಟು ತಂದು ಕೌಂಟರಿನ್ಯಾಗ ಇಟ್ಟಕೂಡ್ಲೆ "ರೇಶ್ಮಾಚೀ ಭಾಕರಿ ಆಲೀ", ರೇಶ್ಮಾನ ರೊಟ್ಟಿ ಬಂತು ಅಂತ ಸೇಠ್ ತಾನೇ ಬಿಚ್ಚಿದ. ಎರಡನೇ ರೊಟ್ಟಿ ಕೆಳಗ ನಿನ್ನ ಹಾಳಿ.

ನನ್ನ ಎದುರಿಗೆ ನಿಂದ್ರಿಸಿದ. ಸದಾನಂದನ ಕೈಗೆ ಹಾಳಿ ಕೊಟ್ಟು "ವಾಚ್" ಅಂದ. ಸದಾನಂದ ಕನ್ನಡಕ ಒರಸಿ, ಒಂದೊಂದೇ ಸಾಲು ಮರಾಠಿ ಮಾಡಿ ಓದಿದ. ನಾ ಅಲ್ಲೇ ಸಾಯ್ತೀನಿ ಅಂತ ಮಾಡಿದ್ದೆ. ಆದ್ರ ನೀ ಬರದಿದ್ದು ಬ್ಯಾರೇನ ಇತ್ತು. "ಅಕ್ಕಾ, ಸೇಠ್ ದೊಡ್ಡ ಮನುಷ್ಯ. ನಿನ್ನ ಪುಣ್ಯ. ಅವರು ಹೇಳಿದಂಗ ಕೇಳ್ಕೊಂಡು ಇರು. ಈ ಕಡಿ ಬರಬ್ಯಾಡ, ಮಂದಿ ಮಾತಾಡ್ತಾರ." ಸೇಠ್ ಖುಷಿ ಆದ. "ತಮ್ಮ ಶ್ಯಾಣ್ಯಾ ಅದಾನ" ಅಂತ ನನ್ನ ತಲಿಮ್ಯಾಲ ಕೈ ಇಟ್ಟ. ರೊಟ್ಟಿದಾಗ ಯಾಕ ಮುಚ್ಚಿ ಕಳಿಸ್ಯಾನ ಅಂತ ಕೇಳಿದ. "ಅವರ ಕಡೆ ಹಾಗೇ, ಕಾಗದ ಮುದ್ದೆ ಆಗಬಾರದಲ್ಲ" ಅಂದ ಸದಾನಂದ. ಹಾಳಿ ಒಲಿಗೆ ಹಾಕಿಸಿದ್ರು. ಇನ್ನಮ್ಯಾಲ ಗಂಟು ಅವನ ಮುಂದ ಬಿಚ್ಚಬೇಕಂತ. ತಿರುಗಿ ಹೋಗೋ ಖಾಲಿ ಅರಿಬಿ ಯಾರೂ ನೋಡಂಗಿಲ್ಲ.

ನಾ ನಿನಗ ಎಲ್ಲಾ ಬರದಿದ್ದೆ. ಒಡಪ, ಸ್ನೇಹಲ್, ಎಲ್ಲಾ. ಅದನ್ನ ಓದಿ ನೀ ಬರದಿದ್ದು ಇದು? 'ಬರಬ್ಯಾಡ'?

ಆತು. ಬರಂಗಿಲ್ಲ. ಅವ್ವನ್ನ ಛಲೋತ್ನಾಗ ನೋಡ್ಕೋ.

ಭುವನೇಶ್ವರಿ

*

ಇಂದಾಪುರ
2 ಡಿಸೆಂಬರ್ 2024

ಏ ಸದಾನಂದ,

ಇದು ನಿನಗ. ಅಕ್ಕಗಲ್ಲ. ಗಂಟು ಸೇಠ್ ಬಿಚ್ತಾನ, ಹಾಳಿ ನಿನ್ನ ಕೈಗೆ ಕೊಡ್ತಾನ, "ವಾಚ್" ಅಂತಾನ. ಈಗ ಅವ ನಿನ್ನ ಬಗಲಾಗ ಕುಂತಾನ, ಹೌದಿಲ್ಲೋ? ಮಾರಿ ಬದಲ್ ಮಾಡಬ್ಯಾಡ. ಓದು.

ನಾ ಬರದಿದ್ದು ನೀ ಓದಲಿಲ್ಲ. ಬರೀದಿದ್ದು ಓದಿದಿ. ನಾ ಮೂರು ದಿನಾ ತಲಿ ಕೆರಕೊಂಡೆ. ನಮ್ಮನ್ನ ಹಿಡಕೊಡೋದಿದ್ರ ಇದ್ದದ್ದ ಓದಿದ್ರ ಸಾಕಿತ್ತಲ್ಲೋ. ಹಳದಿ ಟೆಂಪೋ, ಕಬ್ಬಿನ ಹಾಲು, ಎಲ್ಲಾ ಬರದಿದ್ದೆ. ನೀ ಓದಲಿಲ್ಲ. ಯಾಕ? ಆದ್ರ ಅಕ್ಕ ಈಗ ನಾ ಆಕಿನ್ನ ಮಾರಿದೆ ಅಂತ ತಿಳದಾಳ. ಇದೂ ನಿನ್ನ ಆಟೇನು? ಹುಡುಗಿ ತಾನೇ ಕೈ ಕಾಲು ಬಿಟ್ಟು ಕುಂದ್ರಲಿ, ಕಾಯೋ ತ್ರಾಸ ಬ್ಯಾಡ ಅಂತೇನು?

ನೀ ಯಾರ ಮನುಷ್ಯಾ ನನಗ ಗೊತ್ತಿಲ್ಲ. ಸೇಠನ ಮನುಷ್ಯಾ ಆಗಿದ್ರ ಈಗ ಇದನ್ನ ಇದ್ದಂಗ ಓದಿ ಹೇಳು, ನಿನ್ನವ್ವನ, ಮುಗೀಲಿ. ಅಲ್ಲಂದ್ರ ಅವನಿಗೆ ಏನರ ಒಂದು ಹೇಳಿ, ಖಾಲಿ ಅರಿಬ್ಯಾಗ ನನಗ ಬರದು ಕಳಸು.

ನಾ ಯಾರ ಕಾಲಿಗೂ ಬಿದ್ದವಲ್ಲ. ಬೀಳ್ತೀನಿ. ಅಕ್ಕನ್ನ ಉಳಸು.

ಮಾಂತು

*

ಪುಣೆ
6 ಡಿಸೆಂಬರ್ 2024

ಮಾಂತು,

ನಿನ್ನ ಕಾಗದ ಓದಿದೆ. ಸೇಠ್ ಪಕ್ಕದಲ್ಲೇ ಕೂತು ರೊಟ್ಟಿ ಮುರಿಯುತ್ತಿದ್ದ. "ತಾಯಿಗೆ ಈಗ ಹುಷಾರುಂಟು, ಪುಣೆಯಲ್ಲಿ ಚಳಿ ಜೋರಾ, ಅಕ್ಕನಿಗೆ ಸ್ವೆಟರ್ ಕಳಿಸಬೇಕಾ" ಅಂತ ಓದಿದೆ. ನೀನು ನನ್ನ ತಾಯಿಯನ್ನು ಎಳೆದು ತಂದ ಜಾಗದಲ್ಲಿ ಸ್ವೆಟರ್ ಬಂತು. ಸೇಠನಿಗೆ ಸ್ವೆಟರ್ ವಿಷಯ ಇಷ್ಟ ಆಯಿತು. ಅವಳಿಗೊಂದು ತಂದುಕೊಟ್ಟಿದ್ದಾನೆ.

ದೊಡ್ಡ ಧೈರ್ಯ ಅಂತ ಎಣಿಸಬೇಡ ಮಾರಾಯ. ಮೊದಲ ಸಲ ಓದುವಾಗ ಎಂತ ಹೇಳುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ಆಮೇಲೆ ಮೂರು ಬಿಲ್ ತಪ್ಪು ಕೂಡಿಸಿದೆ. ಸ್ನೇಹಲ್ ಬರೆದ ಕಾಗದ ಮರಾಠಿಯಲ್ಲಿತ್ತು. ಅದನ್ನು ಓದಲಿಕ್ಕೆ ಸೇಠನಿಗೆ ಯಾರೂ ಬೇಕಾಗಲಿಲ್ಲ.

ನಿನ್ನ ಅಕ್ಕನಿಗೆ ಎಲ್ಲ ಹೇಳಿದ್ದೇನೆ, ಅಡುಗೆಮನೆಯಲ್ಲಿ, ಮಿಕ್ಸಿ ತಿರುಗುವಾಗ. ತುಂಬಾ ಅತ್ತಳು. ನಿನಗೆ ಬೈದಳು, ನನಗೂ ಬೈದಳು.

ಟೆಂಪೋ ತರಬೇಡ. ಸೇಠ್ ಊರಲ್ಲಿಲ್ಲದ ದಿನ ಆ ಸ್ಟಾಪಿನಲ್ಲಿ ಅವನ ಹುಡುಗರು ಇರುತ್ತಾರೆ. ದತ್ತ ಜಯಂತಿಗೆ ಬಾಗಿಲಲ್ಲಿ ಪೆಂಡಾಲ್ ಹಾಕಿ ಊಟ ಬಡಿಸುತ್ತೇವೆ. ಬೀದಿಯ ಹೆಂಗಸರೆಲ್ಲ ಡಬ್ಬ ತಂದು ಪ್ರಸಾದ ಒಯ್ಯುತ್ತಾರೆ. ಅವಳು ನನ್ನ ಹೆಂಡತಿ ಅಕ್ಕುವಿನ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು ಅವರ ಜೊತೆ ಹೋಗುತ್ತಾಳೆ. ಮುಂದೆ ಅಕ್ಕು ನೋಡಿಕೊಳ್ಳುತ್ತಾಳೆ. ಯಾವ ಊರು ಅಂತ ನಿನಗೆ ಹೇಳುವುದಿಲ್ಲ. ಅವರು ಮೊದಲು ನಿನ್ನಲ್ಲಿಗೇ ಬರುತ್ತಾರೆ, ಹೊಡೆಯುತ್ತಾರೆ. ಗೊತ್ತಿಲ್ಲದ್ದನ್ನು ಹೊಡೆದು ಹೊರಗೆ ತೆಗೆಯಲಿಕ್ಕೆ ಆಗುವುದಿಲ್ಲ.

ಆಮೇಲೆ ಸೇಠನಿಗೇ ಒಂದು ಕಾಗದ ಬರೆ. ನನ್ನ ಅಕ್ಕ ಎಲ್ಲಿ ಅಂತ ಗಲಾಟೆ ಮಾಡು. ನನ್ನನ್ನೂ ಬೈ, ಈವರೆಗೆ ಬೈದ ಹಾಗೆಯೇ, ಏನೂ ಕಡಿಮೆ ಮಾಡಬೇಡ. ಬೈಸಿಕೊಂಡವನ ಮೇಲೆ ಅನುಮಾನ ಬರುವುದಿಲ್ಲ. ಅದೊಂದನ್ನು ಮಾತ್ರ ನಾನು ಇದ್ದದ್ದು ಇದ್ದ ಹಾಗೆ ಓದುತ್ತೇನೆ.

ನಾನು ಓಡಿಹೋದರೆ ಅದೇ ಹೊತ್ತಿಗೆ ಅವನಿಗೆ ಎಲ್ಲ ತಿಳಿಯುತ್ತದೆ. ಹಾಗಾಗಿ ಕೌಂಟರಿನಲ್ಲೇ ಇರುತ್ತೇನೆ.

ಇದನ್ನು ಸುಟ್ಟುಬಿಡು.

ಸದಾನಂದ

*

ಊರ ಹೆಸ್ರು ಬರಿಯಂಗಿಲ್ಲ
17 ಡಿಸೆಂಬರ್ 2024

ಮಾಂತ್ಯಾ,

ಮುಟ್ಟೀನಿ. ಜೀವಂತ ಅದೀನಿ. ಈ ಚೀಟಿ ಅಕ್ಕು ಬಾಯಿ ಮಲಕಪ್ಪ ಕಾಕಾನ ಕೈಗೆ ಮುಟ್ಟಿಸ್ತಾರ. ನಿನಗ ಬಡದ್ರಂತ ಕೇಳಿದೆ. ಅವ್ವನ ಮುಂದ ಬಡದ್ರೇನು?

ಪೆಂಡಾಲಿನ ತನಕ ಬರೊಬ್ಬರಿ ಬಂದೆ. ಡಬ್ಬಿ ಕೈಯಾಗ, ಸೆರಗು ಮೂಗಿನ ತನಕ. ಬಾಗಿಲ ಕಾಯೋ ಸ್ವಪ್ನಿಲ್ ನನ್ನ ಪಾದ ನೋಡಿದ. ಉಗರಿನ ಬಣ್ಣ ತಗಿಯೋದು ಮರತಿದ್ದೆ. ಸಣ್ಣ ದನಿಲೆ "ವಹಿನಿ?" ಅಂದ. ಅವ ಕೈ ಚಾಚಿ ಸೆರಗಿನ ತುದಿ ಹಿಡದ.

ಅಷ್ಟರಾಗ ಹಿಂದ ಧಡಲ್ ಅಂತು. ಸದಾನಂದ ಅಣ್ಣಾರು ಕುದಿಯೋ ಸಾರಿನ ಪಾತೇಲಿ ತಮ್ಮ ಕಾಲಮ್ಯಾಲ ಕೆಡವಿಕೊಂಡಿದ್ರು. ಆ ಕೂಗು! ಸ್ವಪ್ನಿಲ್ ಸೆರಗು ಬಿಟ್ಟು ಓಡಿದ. ಎಲ್ಲಾರೂ ಓಡಿದ್ರು. ನಾ ಹೊರಗ ನಡದೆ. ತಿರುಗಿ ನೋಡಲಿಲ್ಲ. ಅವರ ಕೂಗು ಓಣಿ ತಿರುವಿನ ತನಕ ನನ್ನ ಬೆನ್ನ ಹತ್ತಿತ್ತು.

ಇಲ್ಲಿ ನಾ ಹಾಡಂಗಿಲ್ಲ. ಭಾಂಡಿ ತಿಕ್ಕುವಾಗ ಬಾಯಿಗೆ ರಾಗ ಬಂದ್ರ ಸೆರಗು ಕಚ್ಚಿ ಹಿಡೀತೀನಿ. ಬೋರ್ಡಿನ ಮಾರಿ ತಿಕ್ಕಿ ತೊಳಿಬಹುದು, ದನಿ ಹ್ಯಾಂಗ ತೊಳೀಲಿ? ಯಾರರ ಗುರ್ತ ಹಿಡದ್ರ?

ಅವರ ಖಬರ್ ತಗೋ. ಹ್ಯಾಂಗರ ಮಾಡಿ ತಗೋ.

ಭುವಿ

*

ಇಂದಾಪುರ
20 ಡಿಸೆಂಬರ್ 2024

ಏ ದತ್ತು ಸೇಠ,

ನಿನ್ನ ಮಂದಿ ಬಂದು ನನ್ನ ಅಂಗಡಿ ಮುಂದ ಕೆಡವಿ ಬಡದು ಹೋದ್ರು. ಎಡಗಣ್ಣು ಇನ್ನೂ ತಗಿಯಾಕ ಬರವಲ್ದು. "ರೇಶ್ಮಾ ಎಲ್ಲಿ, ರೇಶ್ಮಾ ಎಲ್ಲಿ" ಅಂತ ನನ್ನ ಕೇಳ್ತಾರ. ನಾ ನಿನ್ನ ಕೇಳ್ತೀನೋ, ನನ್ನ ಅಕ್ಕ ಎಲ್ಲಿ? ಆಕಿ ನಿನ್ನ ಖೋಲ್ಯಾಗ ಇದ್ಳು, ನಿನ್ನ ಬಾಗಿಲದಾಗ ನಿನ್ನ ಮಂದಿ ನಿಂತಿದ್ರು. ಬೀದಿ ತುಂಬ ಕಾವಲ ಇಟ್ಟ ಗಂಡಸಿಗೆ ಒಬ್ಬ ಹೆಣ್ಣಮಗಳ್ನ ಕಾಯಾಕ ಆಗಲಿಲ್ಲ? ಏನ್ ಮಾಡಿದ್ಯೋ ಆಕಿಗೆ? ಅವ್ವ ಉಣ್ಣೋದು ಬಿಟ್ಟಾಳ.

ಇದನ್ನ ಓದಿ ಹೇಳಾಕ ನಿನ್ನ ಹಂತೇಕ ಒಬ್ಬ ಅದಾನಲ್ಲ, ಆ ಸದಾನಂದ, ಅವನಿಗೂ ನನ್ನ ಮಾತ ಅದ. ಕೇಳೋ ಗಂಧದ ನಾಯಿ. ನಾ ಬಂದಾಗ 'ಇಲ್ಲಿ ಇಲ್ಲ' ಅಂತ ಸುಳ್ಳು ಬೊಗಳಿದವ ನೀ. ಸೇಠ ಕುಂದ್ರು ಅಂದ್ರ ಕುಂದ್ರತಿ. ಈಗೂ ಕುಂತೀಯೇನು? ಕುಂತೇ ಇರು. ಎಲ್ಲೂ ಹೋಗಬ್ಯಾಡ. ನಿನಗ ಹುಳಾ ಬೀಳ್ಲಿ, ಆದ್ರ ನನ್ನ ಕೈಯಾಗ ಸಿಗೂ ತನಕ ನಿನ್ನ ಜೀವಕ್ಕ ಏನೂ ಆಗಬಾರದು. ನಿನ್ನ ಲೆಕ್ಕ ನಂದದ, ಬ್ಯಾರೆ ಯಾವನೂ ನಿನಗ ಕೈ ಹಚ್ಚಬಾರದು.

ಸೇಠ, ನನಗ ಜವಾಬು ಬೇಕು. ಮರಾಠಿ ಓದಾಕ ಬರಂಗಿಲ್ಲ ನನಗ, ಕನ್ನಡದಾಗ ಬೇಕು. ಬ್ಯಾರೆಯವರ ಕೈಲೆ ಬರಸಿದ್ರ ನಾ ನಂಬಂಗಿಲ್ಲ. ಮೊದ್ಲ ಸುಳ್ಳು ಹೇಳಿದವ ಅವ, ಖರೇನೂ ಅವನ ಬರೀಬೇಕು.

ನಾ ದಿನಾ ಪುಣೆ ಬಸ್ಸಿಗೆ ಬಂದು ನಿಂದ್ರತೀನಿ. ಬೈದ್ರೂ ನಡೀತದ. ಎರಡ ಸಾಲು ಸಾಕು. ಅವನ ಕೈಲೇ.

ಮಾಂತು